ನಮ್ಮ ಪರದೆಯೆಲ್ಲ ಹಸಿರು, ಅವರ ಊರಲ್ಲಿ ಕ್ಯೂ

ಇಲ್ಲಿ ಬರೆದು ಬಹಳ ದಿನವಾಯಿತು. ಆಫೀಸಿನಲ್ಲಿ ಕೆಲಸ ಜಾಸ್ತಿ ಅನ್ನುವುದು ಎಲ್ಲರೂ ಹೇಳುವ ನೆವ, ಅದನ್ನು ಬಿಡಿ. ನಿಜ ಏನೆಂದರೆ, ಒಂದು ವಿಷಯ ಬರೆಯಬೇಕು ಅಂತ ಕೆಲವು ತಿಂಗಳಿಂದ ಅಂದುಕೊಳ್ಳುತ್ತಿದ್ದೆ. ಕೂತಾಗಲೆಲ್ಲ ನಾಚಿಕೆಯಾಗಿ ಎದ್ದು ಹೋಗುತ್ತಿದ್ದೆ. ತಪ್ಪು ನನ್ನದು, ಅದಕ್ಕೆ. ಇವತ್ತು ಭಾನುವಾರ, ಕರೆಂಟೂ ಇದೆ, ಕಾಫಿಯೂ ಇದೆ, ಬರೆದೇಬಿಡುತ್ತೇನೆ. ಸ್ವಲ್ಪ ತಾಂತ್ರಿಕ ವಿಷಯ, ಆದರೆ ಹೆದರಬೇಡಿ. ಕೆಂಪು ಬಸ್ಸು ಹತ್ತಿದವರಿಗೆಲ್ಲ ಅರ್ಥವಾಗುವ ಹಾಗೆ ಹೇಳುತ್ತೇನೆ :)

ನಾನು ಕೆಲಸ ಮಾಡುವ ಕಂಪನಿ ಇಂಟರ್ನೆಟ್ ಸೇವೆ ಕೊಡುವವರಿಗೆ ಒಂದು ತಂತ್ರಾಂಶ ಮಾಡಿಕೊಡುತ್ತದೆ. ಅವರ ಐಪಿ ವಿಳಾಸಗಳಿಗೆ ಹೋಗುವ ದಾರಿ ಜಗತ್ತಿನ ಬೇರೆ ಬೇರೆ ಕಡೆಯಿಂದ ಸರಿಯಾಗಿ ಕಾಣುತ್ತಿದೆಯೋ ಇಲ್ಲವೋ, ಮಧ್ಯೆ ಯಾರಾದರೂ 'ಆ ವಿಳಾಸ ನನ್ನದು' ಅಂತ ಹೇಳಿಕೊಂಡು ಓಡಾಡುತ್ತಿದ್ದಾರೋ ಅಂತ ಕಾಯುತ್ತಾ ಕೂರುವುದು ಅದರ ಕೆಲಸ. ಎಲ್ಲ ಸರಿ ಇದ್ದರೆ ಪರದೆ ಹಸಿರು. ಇಲ್ಲದಿದ್ದರೆ ಕೆಂಪು, ಜೊತೆಗೊಂದು ಎಸ್ಸೆಮ್ಮೆಸ್ಸು. ಆ ಹಸಿರು ಪೆಟ್ಟಿಗೆಯ ಕೋಡ್ ಬರೆದವನು ನಾನೇ. ಅದರ ಕೆಳಗಿದ್ದ 'ಜಗತ್ತಿನಾದ್ಯಂತ ಕಾಣುತ್ತಿದೆ: ಶೇ. 100' ಅನ್ನುವ ಸಾಲೂ ನನ್ನದೇ.

ಕರಾವಳಿಯ ಒಂದು ಊರಿನ ಸಣ್ಣ ಐಎಸ್‌ಪಿ ನಮ್ಮ ಗಿರಾಕಿ. ಒಂದು ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಅಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವರು ಫೋನ್ ಮಾಡಿದರು. ಐವತ್ತು ದಾಟಿದವರು. ಕಂಬ ಹತ್ತಿ ಕೇಬಲ್ ಎಳೆಯುವುದರಿಂದ ಶುರುಮಾಡಿ ರೂಟರ್‌ವರೆಗೆ ಬಂದವರು. ನನಗಿಂತ ಎಷ್ಟು ದೊಡ್ಡವರಾದರೂ ನನಗೇ 'ಸರ್' ಅನ್ನುತ್ತಾರೆ.

"ಸರ್, ನಮ್ಮಲ್ಲಿ ಒಂದು ಸಹಕಾರಿ ಸಂಘದ ಸರ್ವರ್ ಉಂಟಲ್ಲ, ಅದು ಅರ್ಧ ಬ್ರಾಂಚಿಗೆ ಸಿಗ್ತದೆ, ಇನ್ನರ್ಧಕ್ಕೆ ಸಿಗುದಿಲ್ಲ. ನಮ್ಮ ರೂಟನ್ನು ಯಾರೋ ಎಳ್ಕೊಂಡ ಹಾಗೆ ಕಾಣ್ತದೆ. ಒಮ್ಮೆ ನೋಡಿ."

ನೋಡಿದೆ. ಹಸಿರು. "ಇಲ್ಲ ಸರ್, ಇಲ್ಲಿ ಎಲ್ಲಾ ಕ್ಲೀನ್ ಇದೆ. ನಿಮ್ಮ ಫೈರ್‌ವಾಲ್ ಒಂದ್ಸಲ ಚೆಕ್ ಮಾಡಿ" ಅಂದೆ.

ಅರ್ಧ ಗಂಟೆ ಬಿಟ್ಟು ಮತ್ತೆ ಫೋನ್. ಫೈರ್‌ವಾಲ್ ಸರಿ ಇದೆಯಂತೆ. ಮತ್ತೆ ನೋಡಿದೆ. ಮತ್ತೆ ಹಸಿರು. ಹನ್ನೆರಡೂವರೆಗೆ ಮೂರನೇ ಸಲ ಮಾಡಿದಾಗ ಅವರ ದನಿ ಬದಲಾಗಿತ್ತು. "ನಿಮ್ಮ ಪರದೆ ಹಸಿರು ಇದ್ರೆ ನಮ್ಮ ಬ್ರಾಂಚಲ್ಲಿ ಕ್ಯೂ ನಿಂತವರಿಗೆ ಏನು ಪ್ರಯೋಜನ ಮಾರಾಯ್ರೆ? ಅಡಿಕೆ ದುಡ್ಡು ತೆಗೀಲಿಕ್ಕೆ ಬೆಳಿಗ್ಗೆಯಿಂದ ನಿಂತಿದ್ದಾರೆ."

ನನಗೆ ಸ್ವಲ್ಪ ಸಿಟ್ಟು ಬಂತು. ನನ್ನ ಹತ್ತಿರ ಆಮ್‌ಸ್ಟರ್‌ಡ್ಯಾಮಿನಿಂದ, ಲಂಡನ್ನಿನಿಂದ, ಟೋಕಿಯೋದಿಂದ, ಸಿಂಗಪುರದಿಂದ ಬಂದ ಮಾಹಿತಿ ಇದೆ. ಇವರ ಹತ್ತಿರ ಇರುವುದು ಅನುಮಾನ ಮಾತ್ರ. ಫೋನಿಟ್ಟವನೇ ಒಂದು ಮೇಲ್ ಬರೆದೆ. ಬಹಳ ಮರ್ಯಾದೆಯ ಇಂಗ್ಲಿಷಿನಲ್ಲಿ, 'ತೊಂದರೆ ನಿಮ್ಮ ಒಳಗಿನ ನೆಟ್‌ವರ್ಕಿನಲ್ಲೇ ಇರುವಂತಿದೆ' ಅಂತ. ಅವರ ಮಾಲೀಕರಿಗೂ ಒಂದು ಪ್ರತಿ ಹಾಕಿದೆ. ಆ ಪ್ರತಿ ಹಾಕಬಾರದಿತ್ತು. ಮಾಲೀಕರು ಅವರನ್ನು ಎಲ್ಲರೆದುರು ಕರೆದು, 'ಬೆಂಗಳೂರಿನವರು ನಿನ್ನದೇ ತಪ್ಪು ಅಂತಿದ್ದಾರಲ್ಲ' ಅಂದರಂತೆ. ಇದು ನನಗೆ ಗೊತ್ತಾಗಿದ್ದು ಆಮೇಲೆ.

ಮಧ್ಯಾಹ್ನ ಎರಡೂವರೆಗೆ ಅವರೊಂದು ಫೋಟೋ ಕಳಿಸಿದರು. ದುಡ್ಡು ಸಿಗದ ಒಂದು ಬ್ರಾಂಚಿಗೆ ತಾವೇ ಬೈಕಿನಲ್ಲಿ ಹೋಗಿ, ಅಲ್ಲಿನ ಕಂಪ್ಯೂಟರಿನಿಂದ ಟ್ರೇಸ್‌ರೂಟ್ ಮಾಡಿ, ಪರದೆಯ ಫೋಟೋ ಹೊಡೆದಿದ್ದರು. ಆ ಬ್ರಾಂಚಿನ ಬ್ರಾಡ್‌ಬ್ಯಾಂಡ್ ಬೇರೆ ಕಂಪನಿಯದು. ಮೂರನೇ ಹೆಜ್ಜೆಯಲ್ಲಿ ಒಂದು ಇಂಟರ್ನೆಟ್ ಎಕ್ಸ್‌ಚೇಂಜಿನ ವಿಳಾಸ, ನಾಲ್ಕನೆಯದರಲ್ಲಿ ಇವರಿಗೆ ಸಂಬಂಧವೇ ಇಲ್ಲದ ಯಾವುದೋ ನೆಟ್‌ವರ್ಕಿನ ರೂಟರ್, ಅಲ್ಲಿಂದ ಮುಂದೆ ಬರೀ ನಕ್ಷತ್ರ ಚಿಹ್ನೆಗಳು.

ನನ್ನ ಕಿವಿ ಬಿಸಿಯಾಯಿತು. ಅವರು ಬೆಳಿಗ್ಗೆ ಹತ್ತೂವರೆಗೆ ಹೇಳಿದ್ದೇ ನಿಜ.

*

ಏನಾಗಿತ್ತು ಅಂತ ಹೇಳುವ ಮೊದಲು ಬಸ್ಸಿನ ಕತೆ.

ಇಂಟರ್ನೆಟ್ ಅಂದರೆ ಒಂದೇ ದೊಡ್ಡ ಜಾಲ ಅಲ್ಲ. ಎಪ್ಪತ್ತೈದು ಸಾವಿರಕ್ಕಿಂತ ಹೆಚ್ಚು ಸ್ವತಂತ್ರ ಜಾಲಗಳು ಒಂದಕ್ಕೊಂದು ಕೈ ಹಿಡಿದುಕೊಂಡಿರುವುದೇ ಇಂಟರ್ನೆಟ್. ಪ್ರತಿಯೊಂದಕ್ಕೂ ಒಂದು ನಂಬರ್, ಅದಕ್ಕೆ ಎಎಸ್ ನಂಬರ್ ಅನ್ನುತ್ತಾರೆ. ಯಾವ ವಿಳಾಸಕ್ಕೆ ಯಾವ ದಾರಿ ಅಂತ ಇವು ಒಂದಕ್ಕೊಂದು ಹೇಳಿಕೊಳ್ಳುವ ಭಾಷೆ ಬಿಜಿಪಿ. 1989ರ ಜನವರಿಯಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಒಂದು ಸಭೆ ನಡೆದಾಗ ಕರ್ಕ್ ಲೌಹೀಡ್ ಮತ್ತು ಯಾಕೋವ್ ರೆಕ್ಟರ್ ಊಟದ ಹೊತ್ತಿನಲ್ಲಿ ನ್ಯಾಪ್‌ಕಿನ್ನಿನ ಮೇಲೆ ಗೀಚಿದ್ದು ಅದರ ಮೊದಲ ಕರಡು. ಇವತ್ತಿಗೂ ಜಗತ್ತು ನಡೆಯುತ್ತಿರುವುದು ಅದರ ನಾಲ್ಕನೇ ಆವೃತ್ತಿಯ ಮೇಲೆ. ನಮಗೆ ಎಂಜಿನಿಯರಿಂಗಿನಲ್ಲಿ ಇದು ಒಂದೂವರೆ ಪುಟ ಇತ್ತು. 'ಎಂಟು ಮಾರ್ಕಿಗೆ ಬರಬಹುದು' ಅಂತ ಬಾಯಿಪಾಠ ಮಾಡಿದ್ದೆ, ಬರಲಿಲ್ಲ.

ಬಿಜಿಪಿಯಲ್ಲಿ ನಕ್ಷೆ ಅಂತ ಒಂದು ಎಲ್ಲೂ ಇರುವುದಿಲ್ಲ. ಎಲ್ಲವೂ ಬಾಯಿಮಾತು. ನೀವು ಮೆಜೆಸ್ಟಿಕ್ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬರುವ ಕಂಡಕ್ಟರುಗಳನ್ನೆಲ್ಲ 'ಶಿರಸಿಗೆ ಹೇಗೆ ಹೋಗ್ತೀರಿ?' ಅಂತ ಕೇಳುತ್ತೀರಿ ಅಂತಿಟ್ಟುಕೊಳ್ಳಿ. ಒಬ್ಬ ಹುಬ್ಬಳ್ಳಿ ಮೇಲೆ ಅನ್ನುತ್ತಾನೆ, ಇನ್ನೊಬ್ಬ ಶಿವಮೊಗ್ಗ, ಸಾಗರದ ಮೇಲೆ ಅನ್ನುತ್ತಾನೆ. ಗಮನಿಸಬೇಕಾದ ಸಂಗತಿ ಏನೆಂದರೆ, ಅವನಿಗೆ ನಾಲ್ಕು ದಾರಿ ಗೊತ್ತಿದ್ದರೂ ಹೇಳುವುದು ತಾನು ಹೋಗುವ ಒಂದೇ ದಾರಿಯನ್ನು. ಉಳಿದ ಮೂರು ಅವನ ತಲೆಯಲ್ಲೇ ಉಳಿಯುತ್ತವೆ. ಹೀಗೆ ನೂರಾರು ಕಂಡಕ್ಟರುಗಳ ಉತ್ತರ ಬರೆದುಕೊಂಡು ಜೋಡಿಸಿದರೆ ಕರ್ನಾಟಕದ ರಸ್ತೆಗಳ ಒಂದು ಅಂದಾಜು ಚಿತ್ರ ಬರುತ್ತದೆ. ಇಂಟರ್ನೆಟ್ಟಿನ ದಾರಿಗಳನ್ನು ಕಾಯುವ ಸೇವೆಗಳು ಮಾಡುವುದು ಇಷ್ಟನ್ನೇ.

ಅಂಥವುಗಳಲ್ಲಿ ದೊಡ್ಡವು ಎರಡು. ಒಂದು ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ರೂಟ್‌ವ್ಯೂಸ್. ಡೇವಿಡ್ ಮೇಯರ್ ಶುರುಮಾಡಿದ್ದು, 1997ರಿಂದ ಈಚಿನ ದಾಖಲೆಗಳು ಸಿಗುತ್ತವೆ. ಇನ್ನೊಂದು ಆಮ್‌ಸ್ಟರ್‌ಡ್ಯಾಮಿನ ರೈಪ್ ಎನ್‌ಸಿಸಿ ಸಂಸ್ಥೆ 1999ರಲ್ಲಿ ಶುರುಮಾಡಿದ ಆರ್‌ಐಎಸ್. ಇವರು ಅಲ್ಲಲ್ಲಿ 'ಕಲೆಕ್ಟರ್' ಅನ್ನುವ ಕಂಪ್ಯೂಟರ್ ಇಟ್ಟಿರುತ್ತಾರೆ. (ನಮ್ಮ ಡಿಸಿ ಸಾಹೇಬರಲ್ಲ!) ಆರ್‌ಐಎಸ್‌ದು ಇಪ್ಪತ್ತಕ್ಕೂ ಹೆಚ್ಚು ಇವೆ. ಲಂಡನ್, ಫ್ರಾಂಕ್‌ಫರ್ಟ್, ಟೋಕಿಯೋ, ಸಾವೊ ಪಾಲೊ, ಜೊಹಾನ್ಸ್‌ಬರ್ಗ್, ಸಿಂಗಪುರ ಹೀಗೆ. ಈ ಕಲೆಕ್ಟರು ತನ್ನ ಮೂಲಕ ಯಾರ ಟ್ರಾಫಿಕ್ಕನ್ನೂ ಸಾಗಿಸುವುದಿಲ್ಲ. ಸುಮ್ಮನೆ ಕೇಳಿಸಿಕೊಂಡು ಬರೆದಿಡುತ್ತದೆ. ಆರ್‌ಐಎಸ್ ಪ್ರತಿ 5 ನಿಮಿಷಕ್ಕೆ ಬದಲಾವಣೆಗಳನ್ನೂ 8 ಗಂಟೆಗೊಮ್ಮೆ ಇಡೀ ಪಟ್ಟಿಯನ್ನೂ ಪ್ರಕಟಿಸುತ್ತದೆ. ರೂಟ್‌ವ್ಯೂಸ್ 15 ನಿಮಿಷ ಮತ್ತು 2 ಗಂಟೆಯ ಲೆಕ್ಕ. ಎಲ್ಲ ಪುಕ್ಕಟೆ. ನಮ್ಮ ಕಂಪನಿಯ ಹಸಿರು ಪೆಟ್ಟಿಗೆ ನಿಂತಿರುವುದೇ ಈ ಪುಕ್ಕಟೆಯ ಮೇಲೆ.

ಇದು ಎಷ್ಟು ಉಪಕಾರದ ಕೆಲಸ ಅನ್ನುವುದಕ್ಕೆ ಒಂದೇ ಉದಾಹರಣೆ ಸಾಕು. 2008ರ ಫೆಬ್ರವರಿ 24, ಭಾನುವಾರ. ಪಾಕಿಸ್ತಾನ ಸರ್ಕಾರ ಯೂಟ್ಯೂಬ್ ಮುಚ್ಚಿ ಅಂತ ಆದೇಶ ಮಾಡಿತ್ತು. ಪಾಕಿಸ್ತಾನ್ ಟೆಲಿಕಾಂ ತನ್ನ ದೇಶದೊಳಗೆ ಮಾತ್ರ ಯೂಟ್ಯೂಬಿನ ದಾರಿಯನ್ನು ಹಳ್ಳಕ್ಕೆ ತಿರುಗಿಸಲು ಹೊರಟಿತು. ಯೂಟ್ಯೂಬ್ 208.65.152.0/22 ಅನ್ನುವ ದೊಡ್ಡ ಗುಂಪನ್ನು ಘೋಷಿಸುತ್ತಿತ್ತು, ಇವರು ಅದರೊಳಗಿನ 208.65.153.0/24 ಅನ್ನುವ ಸಣ್ಣ ಗುಂಪು ನಮ್ಮದು ಅಂದರು. ಬಿಜಿಪಿಯಲ್ಲಿ ಹೆಚ್ಚು ನಿಖರವಾದ ವಿಳಾಸಕ್ಕೇ ಗೆಲುವು. ಆ ಸುಳ್ಳು ದಾರಿ ಅವರ ಮೇಲಿನ ಪಿಸಿಸಿಡಬ್ಲ್ಯೂ ಮೂಲಕ ಹೊರಗೆ ಸೋರಿ ಜಗತ್ತಿಗೆಲ್ಲ ಹಬ್ಬಿತು. ಎಷ್ಟು ಹೊತ್ತಿಗೆ ಏನಾಯಿತು ಅಂತ ರೈಪ್‌ನವರು ಆರ್‌ಐಎಸ್ ದಾಖಲೆ ಇಟ್ಟುಕೊಂಡು ನಿಮಿಷದ ಲೆಕ್ಕದಲ್ಲಿ ಬರೆದರು. ಯುಟಿಸಿ ಪ್ರಕಾರ 18:47ಕ್ಕೆ ಶುರು, 20:07ಕ್ಕೆ ಯೂಟ್ಯೂಬ್ ತಾನೂ ಅದೇ /24 ಘೋಷಿಸಿತು, 20:18ಕ್ಕೆ ಇನ್ನೂ ಸಣ್ಣ /25ಗಳನ್ನು ಬಿಟ್ಟಿತು, 21:01ಕ್ಕೆ ಪಿಸಿಸಿಡಬ್ಲ್ಯೂ ಸುಳ್ಳು ದಾರಿಗಳನ್ನು ಹಿಂತೆಗೆಯಿತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದನ್ನು ಓದಿ ನನಗೆ ರೋಮಾಂಚನವಾಗಿತ್ತು. ಕಳ್ಳ ಎಲ್ಲಿ ಕದ್ದರೂ ಈ ಕಲೆಕ್ಟರುಗಳ ಕಣ್ಣು ತಪ್ಪಿಸಲಾರ ಅಂತ ನಂಬಿಬಿಟ್ಟೆ. ಆ ನಂಬಿಕೆಯೇ 'ಶೇ. 100' ಆಗಿ ಪರದೆಗೆ ಬಂತು. ಯೂಟ್ಯೂಬಿನ ಸುಳ್ಳು ಕಂಡಿದ್ದು ಅದು ಜಗತ್ತಿಗೆಲ್ಲ ಹಬ್ಬಿದ್ದರಿಂದ ಅನ್ನುವುದು ಹೊಳೆಯಲೇ ಇಲ್ಲ.

*

ಈಗ ನಮ್ಮ ಸೋಮವಾರಕ್ಕೆ ಬರೋಣ.

ಜಾಲಗಳ ನಡುವೆ ಸಂಬಂಧ ಮುಖ್ಯವಾಗಿ ಎರಡು ಥರ. ಒಂದು ದುಡ್ಡಿನದು: ನೀನು ನನಗೆ ಕಾಸು ಕೊಡು, ನಾನು ನಿನ್ನನ್ನು ಜಗತ್ತಿಗೆಲ್ಲ ತಲುಪಿಸುತ್ತೇನೆ. ಇನ್ನೊಂದು ನೆರೆಹೊರೆಯದು: ನಿನ್ನ ಮನೆಗೂ ನನ್ನ ಮನೆಗೂ ನಡುವೆ ಕಾಸಿಲ್ಲದೆ ಒಂದು ಒಳದಾರಿ ಮಾಡಿಕೊಳ್ಳೋಣ. ಇದಕ್ಕೆ ಪಿಯರಿಂಗ್ ಅನ್ನುತ್ತಾರೆ. ನೂರಾರು ಜಾಲಗಳು ಒಂದೇ ಕಡೆ ಸೇರಿ ಒಳದಾರಿ ಮಾಡಿಕೊಳ್ಳುವ ಜಾಗವೇ ಇಂಟರ್ನೆಟ್ ಎಕ್ಸ್‌ಚೇಂಜ್.

ಒಳದಾರಿಗೆ ಒಂದು ನಿಯಮ ಇದೆ. ಎರಡು ತೋಟದ ನಡುವಿನ ಕಾಲುದಾರಿ ಇದ್ದ ಹಾಗೆ. ಆ ಎರಡು ಮನೆಯವರು, ಅವರ ಮನೆಗೆ ಬರುವವರು ಓಡಾಡಬಹುದು. ಊರಿನವರಿಗೆಲ್ಲ 'ನಮ್ಮ ಅಂಗಳದ ಮೇಲೆ ಹಾದು ಪಕ್ಕದ ಮನೆಗೆ ಹೋಗಿ' ಅಂತ ಯಾರೂ ಬೋರ್ಡ್ ಹಾಕುವುದಿಲ್ಲ. ಜಾಲಗಳೂ ಹಾಗೇ. ಪಿಯರಿಂಗಿನಲ್ಲಿ ಕಲಿತ ದಾರಿಯನ್ನು ತನಗೆ ಕಾಸು ಕೊಡುವ ಗಿರಾಕಿಗಳಿಗೆ ಮಾತ್ರ ಹೇಳುತ್ತವೆ, ಮೇಲಿನವರಿಗಾಗಲಿ ಇನ್ನೊಬ್ಬ ಪಿಯರಿಗಾಗಲಿ ಹೇಳುವುದಿಲ್ಲ. ಹೀಗಾಗಿ ಮೆಜೆಸ್ಟಿಕ್ಕಿನಲ್ಲಿ ನಿಂತವನ ಕಿವಿಗೆ ಆ ಕಾಲುದಾರಿ ಯಾವತ್ತೂ ಬೀಳುವುದಿಲ್ಲ.

ಆವತ್ತು ಆಗಿದ್ದಿಷ್ಟು. ಎಕ್ಸ್‌ಚೇಂಜಿನಲ್ಲಿದ್ದ ಯಾವುದೋ ಒಂದು ಜಾಲದವರು ಹೊಸ ಸಾಲು ಸೇರಿಸುವಾಗ ಒಂದು ಅಂಕಿ ತಪ್ಪಾಗಿ ಒತ್ತಿದ್ದರು. ನಮ್ಮ ಗಿರಾಕಿಯ /24 ತಮ್ಮದು ಅಂತ ಎಕ್ಸ್‌ಚೇಂಜಿಗೆ ಹೇಳಿದ ಹಾಗಾಯಿತು. ಅಲ್ಲಿದ್ದ ಬ್ರಾಡ್‌ಬ್ಯಾಂಡಿನವರೆಲ್ಲ 'ಓಹೋ, ಪುಕ್ಕಟೆ ದಾರಿ ಇದೆಯಲ್ಲ' ಅಂತ ಕಾಸು ಕೊಟ್ಟು ಹೋಗುತ್ತಿದ್ದ ಸರಿಯಾದ ದಾರಿ ಬಿಟ್ಟು ಅದನ್ನು ಹಿಡಿದರು. ಆ ಬ್ರಾಡ್‌ಬ್ಯಾಂಡ್ ಇದ್ದ ಬ್ರಾಂಚುಗಳಿಗೆ ಸರ್ವರ್ ಸಿಗಲಿಲ್ಲ. ಬೇರೆ ಬ್ರಾಂಚುಗಳಿಗೆ ಸಿಕ್ಕಿತು. ನಿಯಮದ ಪ್ರಕಾರ ಆ ಸುಳ್ಳು ದಾರಿಯನ್ನು ಯಾರೂ ಮೇಲಕ್ಕೆ ಹೇಳಲಿಲ್ಲ. ಲಂಡನ್ನಿನಿಂದ, ಟೋಕಿಯೋದಿಂದ ನೋಡಿದರೆ ಎಲ್ಲ ಸರಿಯಾಗೇ ಇತ್ತು. ನನ್ನ ಪರದೆ ಸುಳ್ಳು ಹೇಳಲಿಲ್ಲ, ಅದಕ್ಕೆ ಗೊತ್ತಿದ್ದನ್ನೇ ಹೇಳಿತು. 'ಜಗತ್ತಿನಾದ್ಯಂತ' ಅನ್ನುವ ಪದ ಮಾತ್ರ ಸುಳ್ಳು. ಅದನ್ನು ಬರೆದವನು ನಾನು.

ಎಕ್ಸ್‌ಚೇಂಜಿನ ಲುಕಿಂಗ್ ಗ್ಲಾಸಿನಲ್ಲಿ ತಪ್ಪು ಹೇಳುತ್ತಿದ್ದವರ ನಂಬರ್ ಸಿಕ್ಕಿತು. ಫೋನ್ ಮಾಡಿದರೆ ಪಾಪ, ಅವರೂ ಗಾಬರಿಯಾಗಿ ಹತ್ತು ನಿಮಿಷದಲ್ಲಿ ಆ ಸಾಲು ಅಳಿಸಿದರು. ಮೂರೂಕಾಲಕ್ಕೆ ಕ್ಯೂ ಸರಿಯಿತು. ಅಷ್ಟು ಹೊತ್ತಿಗೆ ಎಷ್ಟೋ ಜನ ಊರಿಗೆ ವಾಪಸ್ ಬಸ್ಸು ಹತ್ತಿದ್ದರಂತೆ.

(ಇದಕ್ಕೆ ಆರ್‌ಪಿಕೆಐ ಇದೆಯಲ್ಲ ಅಂತ ಬಲ್ಲವರು ಕೇಳುತ್ತೀರಿ. ಹೌದು. 'ಈ ವಿಳಾಸ ಈ ಎಎಸ್‌ನದು' ಅಂತ ಸಹಿ ಹಾಕಿದ ಪತ್ರ ಇದ್ದು, ಎಕ್ಸ್‌ಚೇಂಜಿನವರು ಅದನ್ನು ತಾಳೆ ನೋಡುವಂತಿದ್ದರೆ ಈ ತಪ್ಪು ಬಾಗಿಲಲ್ಲೇ ನಿಲ್ಲುತ್ತಿತ್ತು. ನಮ್ಮ ಗಿರಾಕಿ ಆ ಪತ್ರ ಮಾಡಿಸಿರಲಿಲ್ಲ. ಮಾಡಿಸಿ ಅಂತ ನಾವೂ ಹೇಳಿರಲಿಲ್ಲ. ಈಗ ಮಾಡಿಸಿದ್ದಾರೆ.)

*

ಆ ರಾತ್ರಿ ನಿದ್ದೆ ಬರಲಿಲ್ಲ. ಈ ಕಲೆಕ್ಟರುಗಳು ಯಾರನ್ನು ಕೇಳಬೇಕು ಅಂತ ಹೇಗೆ ಆರಿಸಿಕೊಳ್ಳುತ್ತವೆ ಅಂತ ಓದುತ್ತಾ ಕೂತೆ. ಇಷ್ಟು ವರ್ಷ ಅವುಗಳ ಮೇಲೇ ಅನ್ನ ತಿಂದರೂ ನಾನು ಕೇಳದ ಪ್ರಶ್ನೆ ಅದು.

ಮೊದಲನೆಯದಾಗಿ, ಬಹಳಷ್ಟು ಕಾಲ 'ಆರಿಸಿಕೊಳ್ಳುವುದು' ಅನ್ನುವುದೇ ದೊಡ್ಡ ಮಾತಾಗಿತ್ತು. ಬಂದವರನ್ನು ಸೇರಿಸಿಕೊಳ್ಳುವುದು, ಅಷ್ಟೆ. ಯಾರಿಗೂ ಇವರು ಕಾಸು ಕೊಡುವುದಿಲ್ಲ, ಯಾರನ್ನೂ ಒತ್ತಾಯಿಸುವಂತಿಲ್ಲ. ರೂಟ್‌ವ್ಯೂಸ್ ಶುರುವಾಗಿದ್ದೇ ಜಾಲ ನಡೆಸುವವರು 'ನನ್ನ ದಾರಿ ಬೇರೆಯವರಿಗೆ ಹೇಗೆ ಕಾಣುತ್ತದೆ' ಅಂತ ನೋಡಿಕೊಳ್ಳಲಿ ಅಂತ. ಅದರಿಂದ ಇಡೀ ಇಂಟರ್ನೆಟ್ಟಿನ ನಕ್ಷೆ ಬರೆಯುವ ಸಂಶೋಧಕರು ಬಂದಿದ್ದು ಆಮೇಲೆ. ಬಂದವರನ್ನೇ ಸೇರಿಸಿಕೊಂಡರೆ ಏನಾಗುತ್ತದೆ? ಯಾರಿಗೆ ಈ ಸೇವೆ ಗೊತ್ತೋ, ಯಾರು ಆ ಸಭೆಗಳಿಗೆ ಹೋಗುತ್ತಾರೋ ಅವರೇ ಬರುತ್ತಾರೆ. ಹಾಗಾಗಿ ಯುರೋಪು, ಅಮೆರಿಕದ ಕಡೆ ಕಿವಿ ಜಾಸ್ತಿ, ಬೇರೆ ಕಡೆ ಕಡಿಮೆ. ಎರಡೂ ಸೇವೆ ಸೇರಿಸಿದರೂ ಇವರಿಗೆ ದಾರಿ ಹೇಳುವ ಜಾಲಗಳು ಒಟ್ಟು ಜಾಲಗಳಲ್ಲಿ ನೂರಕ್ಕೆ ಒಂದರ ಆಸುಪಾಸು.

ಎರಡನೆಯದು, ಎಲ್ಲಿ ಕೂರುವುದು. ಎಕ್ಸ್‌ಚೇಂಜಿನಲ್ಲಿ ಪೆಟ್ಟಿಗೆ ಇಟ್ಟರೆ ಒಂದೇ ತಂತಿಯಲ್ಲಿ ಬಹಳ ಜನರ ಮಾತು ಕೇಳಬಹುದು. ಆರ್‌ಐಎಸ್ ಬಹುಪಾಲು ಮಾಡಿದ್ದು ಇದನ್ನೇ. ಎಕ್ಸ್‌ಚೇಂಜಿಗೆ ಬರಲಾಗದವರು ದೂರದಿಂದ ಇಂಟರ್ನೆಟ್ಟಿನ ಮೇಲೆಯೇ ಸೆಷನ್ ಕಟ್ಟಬಹುದು, ಅದಕ್ಕೆ ಮಲ್ಟಿಹಾಪ್ ಅನ್ನುತ್ತಾರೆ. ಅದರಲ್ಲಿ ಒಂದು ತಮಾಷೆ ಇದೆ. ಮಧ್ಯದ ದಾರಿ ಕೆಟ್ಟರೆ ಸೆಷನ್ನೂ ಬೀಳುತ್ತದೆ. ಅಂದರೆ ಸುದ್ದಿ ಹೇಳಲೇಬೇಕಾದ ಹೊತ್ತಿಗೆ ಸರಿಯಾಗಿ ಬಾಯಿ ಕಟ್ಟುತ್ತದೆ.

ಮೂರನೆಯದು ನನಗೆ ಬಹಳ ಹಿಡಿಸಿದ್ದು. ಎಷ್ಟು ಹೇಳುತ್ತಾರೆ ಅನ್ನುವುದು. ಎಕ್ಸ್‌ಚೇಂಜಿನಲ್ಲಿ ಕಲೆಕ್ಟರನ್ನು ಕಂಡರೆ ಬಹಳ ಜನ ಅದನ್ನೂ ಇನ್ನೊಬ್ಬ ನೆರೆಯವನು ಅಂದುಕೊಂಡು ತಮ್ಮ ಮತ್ತು ತಮ್ಮ ಗಿರಾಕಿಗಳ ವಿಳಾಸ ಮಾತ್ರ ಹೇಳುತ್ತಾರೆ. ಕಲೆಕ್ಟರಿಗೆ ಬೇಕಾಗಿರುವುದು ಇಡೀ ಪಟ್ಟಿ. ಈಗ ಐಪಿವಿ4ನಲ್ಲೇ ಹತ್ತು ಲಕ್ಷದ ಆಸುಪಾಸು ಸಾಲು ಇರುವ ಪಟ್ಟಿ. 'ನನ್ನನ್ನು ಕಾಸು ಕೊಡುವ ಗಿರಾಕಿ ಅಂತ ಭಾವಿಸಿ, ನಿಮಗೆ ಗೊತ್ತಿರುವ ದಾರಿಯೆಲ್ಲ ಹೇಳಿ' ಅಂತ ಕೇಳಬೇಕು. ಕೇಳಿದರೂ ಎಲ್ಲರೂ ಕೊಡುವುದಿಲ್ಲ. ತಮ್ಮ ವ್ಯವಹಾರ ಯಾರ ಜೊತೆ ಅಂತ ಜಗತ್ತಿಗೆ ತೋರಿಸುವುದು ಎಲ್ಲರಿಗೂ ಇಷ್ಟವಿರುವುದಿಲ್ಲವಲ್ಲ. ಹಾಗಾಗಿ ಕಲೆಕ್ಟರಿಗೆ ಇಷ್ಟು ಪಿಯರುಗಳಿದ್ದಾರೆ ಅನ್ನುವ ಸಂಖ್ಯೆಯಿಂದ ಏನೂ ಗೊತ್ತಾಗುವುದಿಲ್ಲ, ಅವರಲ್ಲಿ ಪೂರ್ತಿ ಹೇಳುವವರು ಎಷ್ಟು ಅಂತ ಕೇಳಬೇಕು.

ನಾಲ್ಕನೆಯದು, ಒಂದೇ ಮಾತು ಎಷ್ಟು ಸಲ. ಒಂದೇ ಮೇಲಿನ ಜಾಲದ ಕೆಳಗಿರುವ ಇಪ್ಪತ್ತು ಸಣ್ಣ ಜಾಲಗಳು ಬಂದು ಇಡೀ ಪಟ್ಟಿ ಕೊಟ್ಟರೆ ಇಪ್ಪತ್ತು ಕಿಟಕಿ ಆದ ಹಾಗಲ್ಲ. ಒಂದೇ ಕಿಟಕಿಗೆ ಇಪ್ಪತ್ತು ಜನ ಮುಖ ಇಟ್ಟ ಹಾಗೆ. ಇತ್ತೀಚೆಗೆ ಹವ್ಯಾಸಕ್ಕೆ ಸ್ವಂತ ಎಎಸ್ ನಂಬರ್ ತೆಗೆದುಕೊಂಡು, ಎಲ್ಲೋ ಬಾಡಿಗೆ ಸರ್ವರಿನಲ್ಲಿ ಬಿಜಿಪಿ ಓಡಿಸುವ ಹುಡುಗರಿದ್ದಾರೆ. ಅವರಿಗೆ ಇದರಲ್ಲಿ ಹೆಮ್ಮೆ, ಬಹಳ ಉತ್ಸಾಹದಿಂದ ಬರುತ್ತಾರೆ. ಆದರೆ ಅವರು ನೋಡುವುದು ಆ ಬಾಡಿಗೆ ಕೊಟ್ಟವನು ನೋಡುವುದನ್ನೇ. ಅದನ್ನೂ ಬರೆದಿಡಬೇಕು, ಡಿಸ್ಕ್ ತುಂಬಬೇಕು. ಬಿಟ್ಟರೆ ಬೇಸರ, ಸೇರಿಸಿದರೆ ಖರ್ಚು. ಇನ್ನು ಕೆಲವರ ರೂಟರ್ ಕೆಟ್ಟು ಒಂದೇ ದಾರಿಯನ್ನು 'ಇದೆ, ಇಲ್ಲ, ಇದೆ, ಇಲ್ಲ' ಅಂತ ದಿನವಿಡೀ ಹೇಳುತ್ತಿರುತ್ತದೆ. ಅದೂ ಸಂಗ್ರಹಕ್ಕೇ ಸೇರುತ್ತದೆ.

ಹಾಗಾಗಿ ಈಗೀಗ ಕಲೆಕ್ಟರ್ ನಡೆಸುವವರು ಕೇಳುವ ಪ್ರಶ್ನೆ ಬದಲಾಗಿದೆ. 'ಇವನು ದೊಡ್ಡವನೋ ಚಿಕ್ಕವನೋ' ಅಂತಲ್ಲ, 'ಇವನು ಹೇಳುವುದರಲ್ಲಿ ನಮಗಾಗಲೇ ಗೊತ್ತಿಲ್ಲದ್ದು ಎಷ್ಟಿದೆ' ಅಂತ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದವರು ಸೇರಿ ಮಾಡಿ 2024ರಲ್ಲಿ ಪ್ರಕಟಿಸಿದ ಗಿಲ್ ಅನ್ನುವ ವ್ಯವಸ್ಥೆ ಇದನ್ನೇ ಇನ್ನೊಂದು ದಿಕ್ಕಿನಿಂದ ನೋಡುತ್ತದೆ: ಬರುವವರನ್ನೆಲ್ಲ ಸೇರಿಸಿಕೊಳ್ಳಿ, ಪುನರುಕ್ತಿಯಾದದ್ದನ್ನು ಮಾತ್ರ ಬರೆದಿಡಬೇಡಿ ಅಂತ.

ಕಾಣದೆ ಉಳಿಯುವುದು ಎಷ್ಟಿರಬಹುದು? 2012ರಲ್ಲಿ ಸಂಶೋಧಕರು ಯುರೋಪಿನ ಒಂದೇ ಒಂದು ದೊಡ್ಡ ಎಕ್ಸ್‌ಚೇಂಜಿನ ಒಳಗಿನಿಂದ ನೋಡಿ ಎಣಿಸಿದಾಗ, ಬಳಕೆಯಲ್ಲಿದ್ದ 50,000ಕ್ಕೂ ಹೆಚ್ಚು ಪಿಯರಿಂಗ್ ಸಂಬಂಧಗಳು ಸಿಕ್ಕವು. ಅವುಗಳಲ್ಲಿ ಹೆಚ್ಚಿನವು ಕಲೆಕ್ಟರುಗಳಿಗೆ ಕಂಡೇ ಇರಲಿಲ್ಲ. ಒಂದು ಕಟ್ಟಡದೊಳಗೆ ಅಷ್ಟು ಕಾಲುದಾರಿ! ಅದನ್ನು ಓದಿದಾಗ ರಾತ್ರಿ ಎರಡು ಗಂಟೆ. ನನ್ನ ಶೇ. 100 ನೆನಪಾಗಿ ನಗುವೂ ಬಂತು, ಅಳುವೂ ಬಂತು.

*

ಮರುದಿನ ಮೊದಲ ಕೆಲಸ, ಮತ್ತೊಂದು ಮೇಲ್. ಮಾಲೀಕರಿಗೇ ಬರೆದು ಅವರಿಗೆ ಪ್ರತಿ ಹಾಕಿದೆ. ಈ ಸಲ ಕನ್ನಡದಲ್ಲಿ. 'ನಿನ್ನೆ ನಿಮ್ಮ ಎಂಜಿನಿಯರ್ ಹೇಳಿದ್ದೇ ಸರಿ, ನಮ್ಮ ತಂತ್ರಾಂಶಕ್ಕೆ ಅದು ಕಾಣುತ್ತಿರಲಿಲ್ಲ, ಕಾಣದ್ದನ್ನು ಇಲ್ಲ ಅಂತ ಹೇಳಿದ್ದು ನನ್ನ ತಪ್ಪು' ಅಂತ. ಆಮೇಲೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. "ಆಯ್ತು ಬಿಡಿ ಸರ್. ನಿಮಗೆ ಕಂಡದ್ದನ್ನು ನೀವು ಹೇಳಿದ್ರಿ. ನಮಗೆ ಕಂಡದ್ದನ್ನು ನಂಬಬಹುದಿತ್ತು, ಅಷ್ಟೇ" ಅಂದರು.

ಆ 'ಅಷ್ಟೇ' ಇನ್ನೂ ಕಿವಿಯಲ್ಲಿದೆ.

ಎರಡನೇ ಕೆಲಸ, ಹಸಿರು ಪೆಟ್ಟಿಗೆಯ ಕೆಳಗಿನ ಸಾಲು. 'ನಾವು ಕೇಳಬಲ್ಲ ಇಷ್ಟು ಜಾಲಗಳಲ್ಲಿ ಇಷ್ಟಕ್ಕೆ ಕಾಣುತ್ತಿದೆ, ಎಕ್ಸ್‌ಚೇಂಜಿನ ಒಳಗಿನದು ಇದರಲ್ಲಿ ಸೇರಿರದೆ ಇರಬಹುದು' ಅಂತ ಬದಲಿಸಿದೆ. ಮ್ಯಾನೇಜರ್ ಒಪ್ಪಲಿಲ್ಲ. ಇಷ್ಟುದ್ದ ಬರೆದರೆ ಯಾರು ಕೊಳ್ಳುತ್ತಾರೆ ಅಂದರು. ಎರಡು ವಾರ ಜಗಳ ಆಡಿದ ಮೇಲೆ 'ಜಗತ್ತಿನಾದ್ಯಂತ' ಹೋಯಿತು, ಸಂಖ್ಯೆ ಉಳಿಯಿತು, ಎಕ್ಸ್‌ಚೇಂಜಿನ ಮಾತು ಮೌಸ್ ಇಟ್ಟರೆ ಮಾತ್ರ ಕಾಣುತ್ತದೆ. ಪೂರ್ತಿ ಗೆದ್ದೆ ಅಂತ ಹೇಳಲಾರೆ.

ಮೂರನೆಯದು ನನ್ನಿಂದ ಆಗಿದ್ದಲ್ಲ. ಒಂದು ದಿನ ಮಾತಾಡುತ್ತಾ, "ನಿಮ್ಮ ಜಾಲದಿಂದಲೇ ಒಂದು ಕಲೆಕ್ಟರಿಗೆ ಇಡೀ ಪಟ್ಟಿ ಕೊಡಬಹುದಲ್ಲ ಸರ್" ಅಂದೆ. ಅವರು ಸ್ವಲ್ಪ ಯೋಚಿಸಿ, "ಕೊಟ್ಟಿದ್ರೆ ಆವತ್ತು ಗೊತ್ತಾಗ್ತಿತ್ತಾ?" ಅಂತ ಕೇಳಿದರು. ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಇಲ್ಲ. ಅವರು ಆ ಎಕ್ಸ್‌ಚೇಂಜಿನಲ್ಲಿಲ್ಲ, ಇಬ್ಬರು ಮೇಲಿನವರಿಂದ ಕಾಸು ಕೊಟ್ಟು ದಾರಿ ಪಡೆಯುತ್ತಾರೆ. ಅವರ ಕಿಟಕಿಯಿಂದ ಆ ಕಾಲುದಾರಿ ಕಾಣುವುದಿಲ್ಲ. ಕಾಣಬೇಕಾದರೆ ಎಕ್ಸ್‌ಚೇಂಜಿನೊಳಗಿರುವ ಬ್ರಾಡ್‌ಬ್ಯಾಂಡಿನವರೇ ಕೊಡಬೇಕು.

"ಹಾಗಾದ್ರೆ ನಾವು ಕೊಟ್ಟು ಪ್ರಯೋಜನ ಇಲ್ಲ. ಅವರಲ್ಲಿ ನನ್ನ ಪರಿಚಯದವರೊಬ್ಬರು ಇದ್ದಾರೆ. ನಾನು ಮಾತಾಡ್ತೇನೆ" ಅಂದರು.

ನೋಡಿ, ಅಲ್ಗಾರಿದಮ್ಮು, ಪ್ರಬಂಧ ಎಲ್ಲ ಓದಿ ನಾನು ಕಲಿತ 'ಹೊಸ ಮಾತು ಹೇಳುವವರನ್ನು ಆರಿಸಿ' ಅನ್ನುವ ತತ್ವ ಅವರಿಗೆ ಒಂದು ನಿಮಿಷದಲ್ಲಿ ಹೊಳೆದಿತ್ತು. ಅವರು ಮೂರು ಸಲ ಹೋಗಿ ಮಾತಾಡಿದರಂತೆ. 'ಇದರಿಂದ ನಮಗೇನು ಲಾಭ' ಅಂತ ಅವರು ಕೇಳಿದ್ದಕ್ಕೆ, 'ನಾಳೆ ನಿಮ್ಮ ರೂಟ್ ಯಾರಾದ್ರೂ ಎಳ್ಕೊಂಡ್ರೆ ಪಕ್ಕದವರ ಕಿಟಕಿಯಿಂದ ಕಾಣ್ಲಿ ಅಂತ ನೀವು ಬಯಸುದಿಲ್ವಾ?' ಅಂದರಂತೆ. ಅರ್ಜಿ ತುಂಬಲು ನಾನು ಸಹಾಯ ಮಾಡಿದೆ. ಮೊದಲು ಸೆಷನ್ ಕಟ್ಟಿದಾಗ ಎಲ್ಲರೂ ಮಾಡುವ ತಪ್ಪನ್ನೇ ಮಾಡಿ ತಮ್ಮ ವಿಳಾಸಗಳನ್ನು ಮಾತ್ರ ಕೊಟ್ಟಿದ್ದರು. 'ಗಿರಾಕಿ ಅಂದ್ಕೊಂಡು ಕೊಡಿ ಸರ್' ಅಂತ ಹೇಳಿ ಸರಿ ಮಾಡಿಸಿದೆವು.

ಹೋದ ವಾರ ಇಡೀ ಪಟ್ಟಿ ಬರಲು ಶುರುವಾಯಿತು. ಅಷ್ಟು ದಿನ ನಾನು ನೋಡೇ ಇರದ ದಾರಿಗಳು ಒಂದೊಂದಾಗಿ ಪರದೆಗೆ ಬಂದವು. ಊರಿಂದೂರಿಗೆ, ಮೇಲಕ್ಕೆ ಹೋಗದೆ, ಅಡ್ಡಡ್ಡಕ್ಕೆ. ಮೆಜೆಸ್ಟಿಕ್ಕಿನಲ್ಲಿ ಇಷ್ಟು ವರ್ಷ ನಿಂತವನಿಗೆ ಯಾರೋ ಮೊದಲ ಸಲ ತೋಟದ ಒಳದಾರಿ ತೋರಿಸಿದ ಹಾಗೆ. ಒಂದೇ ಒಂದು ಎಕ್ಸ್‌ಚೇಂಜು, ಒಂದೇ ಒಂದು ಕಿಟಕಿ, ಆದರೂ.

ಅವರಿಗೆ ಪರದೆಯ ಫೋಟೋ ಕಳಿಸಿದೆ. "ಕಾಣ್ತದಲ್ಲ ಈಗ?" ಅಂತ ಉತ್ತರ ಬಂತು. "ಕಾಣ್ತದೆ ಸರ್" ಅಂತ ಬರೆದೆ. ಒಂದು ನಿಮಿಷ ಬಿಟ್ಟು, "ಇಷ್ಟು ಮಾತ್ರ ಕಾಣ್ತದೆ" ಅಂತ ಸೇರಿಸಿದೆ.